ಕೂಪರ್ ಕಪ್ ರ‍್ಯಾಮ್ಸ್ ಬಿಟ್ಟಿದ್ದು ಯಾಕೆ? ಎನ್‌ಎಫ್‌ಎಲ್‌ನ ಮಾರ್ಚ್ ತಿಂಗಳ ಲೆಕ್ಕ

2025ರ ಫೆಬ್ರವರಿ 3ರಂದು ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗಿನ ರಿಸೀವರ್ (ಎಸೆದ ಚೆಂಡನ್ನು ಹಿಡಿಯುವ ಆಟಗಾರ) ಕೂಪರ್ ಕಪ್ ತಾವೇ ಸುದ್ದಿ ಹೇಳಿಬಿಟ್ಟರು. ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ತಮ್ಮನ್ನು ಬೇರೆ ಯಾವುದಾದರೂ ತಂಡಕ್ಕೆ ಕೊಟ್ಟುಬಿಡಲು ಹೊರಟಿದೆ, ಈ ತೀರ್ಮಾನ ತಮಗೆ ಒಪ್ಪಿಗೆಯಿಲ್ಲ, ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಆಟ ಅಲ್ಲೇ ಮುಗಿಯುತ್ತದೆ ಅಂತ ನಂಬಿದ್ದೆ ಎಂದು ಬರೆದರು. ಒಂದು ತಿಂಗಳು ಹುಡುಕಿದರೂ ಕೊಳ್ಳುವವರು ಸಿಗಲಿಲ್ಲ. ಮಾರ್ಚ್ 12ರಂದು ತಂಡ ಅವರನ್ನು ಬಿಡುಗಡೆ ಮಾಡಿತು. ಎರಡೇ ದಿನಕ್ಕೆ ಅವರು ಸಿಯಾಟಲ್ ಸೀಹಾಕ್ಸ್ ಜೊತೆ ಮೂರು ವರ್ಷದ, 4.5 ಕೋಟಿ ಡಾಲರ್‌ವರೆಗಿನ ಒಪ್ಪಂದ ಮಾಡಿಕೊಂಡರು. ಸಿಯಾಟಲ್ ಮತ್ತು ರ‍್ಯಾಮ್ಸ್ ಒಂದೇ ಡಿವಿಷನ್‌ನ ತಂಡಗಳು. ವರ್ಷಕ್ಕೆ ಕಡಿಮೆಯೆಂದರೂ ಎರಡು ಸಲ ಎದುರಾಗುತ್ತವೆ.

ಹೊರಗಿನಿಂದ ನೋಡಿದರೆ ಇದು ವಯಸ್ಸಾದ ಆಟಗಾರನನ್ನು ಬದಿಗೆ ಸರಿಸಿದ ಮಾಮೂಲಿ ಸುದ್ದಿ. ಆದರೆ ಒಂದು ವಿಷಯ ಗಮನಿಸಿ. ಕೂಪರ್ ಹುಟ್ಟಿದ್ದು 1993ರ ಜೂನ್‌ನಲ್ಲಿ. ಅದೇ ಮಾರ್ಚ್‌ನಲ್ಲಿ ರ‍್ಯಾಮ್ಸ್ ಕರೆತಂದ ರಿಸೀವರ್ ದವಾಂಟೆ ಆ್ಯಡಮ್ಸ್ ಹುಟ್ಟಿದ್ದು 1992ರ ಡಿಸೆಂಬರ್‌ನಲ್ಲಿ. ಬಂದವರು ಹೋದವರಿಗಿಂತ ಆರು ತಿಂಗಳು ದೊಡ್ಡವರು! ಅವರಿಗೆ ಕೊಟ್ಟಿದ್ದು ಎರಡು ವರ್ಷಕ್ಕೆ 4.4 ಕೋಟಿ ಡಾಲರ್. ಹಾಗಾದರೆ ‘ವಯಸ್ಸಾಯಿತು’ ಅನ್ನುವುದೂ, ‘ದುಡ್ಡಿಲ್ಲ’ ಅನ್ನುವುದೂ ಅರ್ಧ ಕಾರಣ ಮಾತ್ರ, ಅಲ್ವಾ?

ಪೂರ್ತಿ ಕಾರಣ ಒಪ್ಪಂದದ ಹಾಳೆಯಲ್ಲಿದೆ. ಎನ್‌ಎಫ್‌ಎಲ್‌ನಲ್ಲಿ ಹಿರಿಯ ಆಟಗಾರ ಯಾವ ವರ್ಷದ ಮಾರ್ಚ್‌ನಲ್ಲಿ ತಂಡ ಬಿಡಬೇಕಾಗಬಹುದು ಅನ್ನುವುದು ಅವನು ನಗುನಗುತ್ತಾ ಸಹಿ ಹಾಕಿದ ದಿನವೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಅಭಿಮಾನಿಗಳು ಇದನ್ನು ನಿಷ್ಠೆ, ದ್ರೋಹ ಅಂತ ಮಾತಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡ ತಕರಾರು ಇರುವುದು ಆ ಒಪ್ಪಂದದ ಮೇಲೆಯೇ. ಅದು ಆಟಗಾರನನ್ನು ಕಟ್ಟಿಹಾಕುತ್ತದೆ, ತಂಡವನ್ನು ಕಟ್ಟಿಹಾಕುವುದಿಲ್ಲ.

ಮೊದಲು ಕೂಪರ್ ಯಾರು ಅಂತ ನೋಡೋಣ. ವಾಷಿಂಗ್ಟನ್ ರಾಜ್ಯದ ಯಾಕಿಮಾ ಊರಿನವರು. ಶಾಲೆ ಮುಗಿಸಿದಾಗ ದೊಡ್ಡ ಕಾಲೇಜುಗಳು ಯಾವುದೂ ಕರೆಯಲಿಲ್ಲ. ಈಸ್ಟರ್ನ್ ವಾಷಿಂಗ್ಟನ್ ಎಂಬ ಸಣ್ಣ ಯೂನಿವರ್ಸಿಟಿಯಲ್ಲಿ ಆಡಿದರು. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ 2017ರ ಡ್ರಾಫ್ಟ್‌ನಲ್ಲಿ ಮೂರನೇ ಸುತ್ತಿನವರೆಗೆ ಕಾಯಬೇಕಾಯಿತು. 69ನೇ ಆಯ್ಕೆಯಾಗಿ ರ‍್ಯಾಮ್ಸ್‌ಗೆ ಬಂದರು. 2018ರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದು ಆ ಸೀಸನ್‌ನ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ತಪ್ಪಿತು. ಮರುವರ್ಷ ವಾಪಸು ಬಂದು ಸಾವಿರ ಯಾರ್ಡ್ ದಾಟಿದರು.

ಆಮೇಲೆ 2021. 145 ಕ್ಯಾಚ್, 1,947 ಯಾರ್ಡ್, 16 ಟಚ್‌ಡೌನ್. ಟಚ್‌ಡೌನ್ ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಅಂಕ ಗಳಿಸುವುದು. ಈ ಮೂರರಲ್ಲೂ ಆ ವರ್ಷ ಲೀಗಿಗೇ ಮೊದಲಿಗರು. ಇದು ರಿಸೀವರ್‌ಗಳಲ್ಲಿ ತೀರಾ ಅಪರೂಪಕ್ಕೆ ಸಿಗುವ ಸಾಧನೆ. ಆ ಸೀಸನ್‌ನ ಸೂಪರ್ ಬೌಲ್‌ನಲ್ಲಿ ಪಂದ್ಯಶ್ರೇಷ್ಠರೂ ಅವರೇ.

ಆ ಪಂದ್ಯದ ಕೊನೆಯ ಡ್ರೈವ್ (ಚೆಂಡು ತಮ್ಮ ಬಳಿಯಿರುವಾಗ ಸಾಲಾಗಿ ಆಡುತ್ತಾ ಮುಂದೆ ಸಾಗುವುದು) ಒಂದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಂದಿನ ಮಾತಿಗೆಲ್ಲ ಅದು ಬೇಕಾಗುತ್ತದೆ. 2022ರ ಫೆಬ್ರವರಿ 13. ಸಿನ್ಸಿನಾಟಿ ಬೆಂಗಾಲ್ಸ್ 20, ರ‍್ಯಾಮ್ಸ್ 16. ಆರು ನಿಮಿಷ ಚಿಲ್ಲರೆ ಸಮಯ ಉಳಿದಿದೆ. ಚೆಂಡು ರ‍್ಯಾಮ್ಸ್‌ನ ಸ್ವಂತ ಕಡೆಯ 21 ಯಾರ್ಡ್ ಗೆರೆಯಲ್ಲಿದೆ. ಇನ್ನೊಬ್ಬ ಮುಖ್ಯ ರಿಸೀವರ್ ಓಡೆಲ್ ಬೆಕಮ್ ಮೊದಲರ್ಧದಲ್ಲೇ ಮೊಣಕಾಲು ನೋವಿನಿಂದ ಹೊರಗೆ ಹೋಗಿದ್ದಾರೆ. ಚೆಂಡು ಯಾರಿಗೆ ಹೋಗುತ್ತದೆ ಅಂತ ಎದುರಾಳಿಗೂ ಗೊತ್ತು, ಟಿವಿ ನೋಡುತ್ತಿರುವವರಿಗೂ ಗೊತ್ತು. ನಾಲ್ಕನೇ ಡೌನ್, ಅಂದರೆ ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಕೊನೆಯದು, ಒಂದು ಯಾರ್ಡ್ ಬೇಕು. ತಪ್ಪಿದರೆ ಪಂದ್ಯ ಬಹುತೇಕ ಕೈಬಿಟ್ಟ ಹಾಗೆ. ಅಲ್ಲಿ ಕೂಪರ್‌ಗೆ ಪಾಸ್ ಎಸೆಯಲಿಲ್ಲ. ಅವರು ಪಕ್ಕದಿಂದ ಓಡುತ್ತಾ ಬಂದು, ಪಾಸ್ ಎಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಕೈಯಿಂದಲೇ ಚೆಂಡು ತೆಗೆದುಕೊಂಡು ಏಳು ಯಾರ್ಡ್ ಓಡಿದರು. ಆಮೇಲೆ ಆ ಕ್ವಾರ್ಟರ್‌ಬ್ಯಾಕ್ ಸ್ಟಾಫರ್ಡ್ ಒಂದು ಕಡೆ ನೋಡುತ್ತಾ ಇನ್ನೊಂದು ಕಡೆಗೆ ಎಸೆದ 22 ಯಾರ್ಡ್ ಪಾಸ್. ಅದನ್ನು ಹಿಡಿದವರೂ ಕೂಪರ್. ಒಂದು ನಿಮಿಷ 25 ಸೆಕೆಂಡ್ ಉಳಿದಿರುವಾಗ ಗೋಲ್ ಗೆರೆ ಹತ್ತಿರ ಒಂದು ಯಾರ್ಡ್ ಟಚ್‌ಡೌನ್. ಅದೂ ಅವರದೇ. 15 ಆಟ, 79 ಯಾರ್ಡ್, 23-20.

ನಾಲ್ಕು ತಿಂಗಳ ನಂತರ, 2022ರ ಜೂನ್‌ನಲ್ಲಿ, ಹೊಸ ಒಪ್ಪಂದ ಬಂತು. 2026ರವರೆಗೆ ಒಟ್ಟು 11 ಕೋಟಿ ಡಾಲರ್, ಅದರಲ್ಲಿ 7.5 ಕೋಟಿ ಗ್ಯಾರಂಟಿ, ಅಂದರೆ ತಂಡ ಬಿಟ್ಟರೂ ಕೊಡಲೇಬೇಕಾದ ದುಡ್ಡು. ಪತ್ರಿಕೆಗಳ ತಲೆಬರಹದಲ್ಲಿ ಬಂದಿದ್ದು ಮೊದಲ ಸಂಖ್ಯೆ. ಕೂಪರ್ ಲಾಸ್ ಏಂಜಲೀಸ್‌ನಲ್ಲಿ ಎಷ್ಟು ದಿನ ಇರುತ್ತಾರೆ ಅಂತ ಹೇಳುತ್ತಿದ್ದುದು ಎರಡನೆಯದು.

ಇದು ಅರ್ಥವಾಗಲು ಸ್ಯಾಲರಿ ಕ್ಯಾಪ್ ಗೊತ್ತಿರಬೇಕು. ಐಪಿಎಲ್ ಹರಾಜಿನಲ್ಲಿ ಪ್ರತಿ ತಂಡಕ್ಕೂ ಇಷ್ಟೇ ಪರ್ಸ್ ಅಂತ ಇರುತ್ತದಲ್ಲ, ಹಾಗೇ ಎನ್‌ಎಫ್‌ಎಲ್‌ನ 32 ತಂಡಗಳಿಗೂ ವರ್ಷಕ್ಕೊಂದು ಮಿತಿ ಇದೆ. 1994ರಲ್ಲಿ ಶುರುವಾದಾಗ ಅದು 3.46 ಕೋಟಿ ಡಾಲರ್ ಇತ್ತು. 2025ಕ್ಕೆ 27.92 ಕೋಟಿ. ವ್ಯತ್ಯಾಸ ಇರುವುದು ಲೆಕ್ಕ ಬರೆಯುವ ರೀತಿಯಲ್ಲಿ. ಐಪಿಎಲ್‌ನಲ್ಲಿ ಆಟಗಾರನನ್ನು ಬಿಟ್ಟರೆ ಅವನ ಹೆಸರಿನ ದುಡ್ಡು ಪೂರ್ತಿ ಪರ್ಸ್‌ಗೆ ವಾಪಸು ಬರುತ್ತದೆ. ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ.

ಒಂದು ಸುಲಭದ ಲೆಕ್ಕ ಹಾಕೋಣ. ಸುಮ್ನೆ ಉದಾಹರಣೆಗೆ. ಒಬ್ಬ ಆಟಗಾರ ಐದು ವರ್ಷಕ್ಕೆ ಸಹಿ ಹಾಕುತ್ತಾನೆ. ಸಹಿ ಹಾಕಿದ್ದಕ್ಕೆ 2 ಕೋಟಿ ಡಾಲರ್ ಬೋನಸ್ ಕೈಗೆ ಬರುತ್ತದೆ. ದುಡ್ಡು ಮೊದಲೇ ಕೊಟ್ಟಾಯಿತು. ಆದರೆ ಕ್ಯಾಪ್ ಲೆಕ್ಕದಲ್ಲಿ ಅದನ್ನು ಐದು ವರ್ಷಕ್ಕೆ ಹಂಚಿ, ವರ್ಷಕ್ಕೆ 40 ಲಕ್ಷದಂತೆ ಬರೆಯುತ್ತಾರೆ. ಮೂರು ವರ್ಷ ಆದಮೇಲೆ ಅವನನ್ನು ಬಿಟ್ಟರೆ ಇನ್ನೂ ಬರೆಯದೇ ಉಳಿದ 80 ಲಕ್ಷ ಒಟ್ಟಿಗೇ ಆ ವರ್ಷದ ಲೆಕ್ಕಕ್ಕೆ ಬಂದು ಕೂರುತ್ತದೆ. ಆಟಗಾರ ತಂಡದಲ್ಲಿಲ್ಲ, ಅವನ ಹೆಸರಿನ ಖರ್ಚು ಮಾತ್ರ ಇದೆ. ಇದನ್ನೇ ಡೆಡ್ ಮನಿ ಅನ್ನುತ್ತಾರೆ. ಜೂನ್ 1ರ ನಂತರ ಬಿಟ್ಟರೆ ಈ ಹೊರೆಯನ್ನು ಎರಡು ವರ್ಷಕ್ಕೆ ಹಂಚಬಹುದು. ಮಾರ್ಚ್‌ನಲ್ಲೇ ಬಿಟ್ಟು ‘ಜೂನ್ 1ರ ಲೆಕ್ಕಕ್ಕೆ ಸೇರಿಸಿ’ ಅಂತ ಇಬ್ಬರು ಆಟಗಾರರ ಮಟ್ಟಿಗೆ ಕೇಳಿಕೊಳ್ಳಲೂ ಅವಕಾಶವಿದೆ.

ಹಾಗಾಗಿ ತಂಡದ ಮ್ಯಾನೇಜರ್ ಪ್ರತಿ ವರ್ಷ ನೋಡುವುದು ಎರಡು ಸಂಖ್ಯೆಗಳನ್ನು. ಇವನನ್ನು ಇಟ್ಟುಕೊಂಡರೆ ಎಷ್ಟು? ಬಿಟ್ಟರೆ ಎಷ್ಟು? ಒಪ್ಪಂದದ ಮೊದಲ ಒಂದೆರಡು ವರ್ಷ ಬಿಡುವುದೇ ದುಬಾರಿ. ಗ್ಯಾರಂಟಿ ದುಡ್ಡು ಮುಗಿಯುತ್ತಾ ಬಂದ ಹಾಗೆ ಇಟ್ಟುಕೊಳ್ಳುವುದು ದುಬಾರಿಯಾಗುತ್ತದೆ. ಎರಡೂ ಗೆರೆ ಎಲ್ಲಿ ಸೇರುತ್ತವೋ ಅದೇ ಅಪಾಯದ ಮಾರ್ಚ್. ಕೂಪರ್ ವಿಷಯದಲ್ಲಿ ಅದು 2025. ಆ ವರ್ಷ ಅವರು ಕ್ಯಾಪ್‌ನಲ್ಲಿ ಸುಮಾರು 3 ಕೋಟಿ ಡಾಲರ್ ಜಾಗ ತಿನ್ನುತ್ತಿದ್ದರು. ಅಂದರೆ ಇಡೀ ತಂಡದ ಪಾಲಿನಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ.

ಮಾರ್ಚ್ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಎನ್‌ಎಫ್‌ಎಲ್‌ನ ಹೊಸ ವರ್ಷ ಶುರುವಾಗುವುದೇ ಮಾರ್ಚ್ ಮಧ್ಯದಲ್ಲಿ. ಆ ದಿನದೊಳಗೆ ಪ್ರತಿ ತಂಡವೂ ಕ್ಯಾಪ್ ಮಿತಿಯೊಳಗೆ ಬರಬೇಕು. ಒಪ್ಪಂದ ಮುಗಿದವರು ಅವತ್ತೇ ಫ್ರೀ ಏಜೆಂಟ್, ಅಂದರೆ ಬೇಕಾದ ತಂಡಕ್ಕೆ ಹೋಗಬಹುದಾದವರು, ಆಗುತ್ತಾರೆ. ಅದಕ್ಕೆ ಎರಡು ದಿನ ಮೊದಲೇ ಅವರ ಏಜೆಂಟರು ಬೇರೆ ತಂಡಗಳ ಜೊತೆ ಮಾತಾಡಬಹುದು. ಇದರ ಜೊತೆಗೆ ದೊಡ್ಡ ಒಪ್ಪಂದಗಳಲ್ಲಿ ರೋಸ್ಟರ್ ಬೋನಸ್ ಅಂತ ಒಂದು ಸಾಲು ಇರುತ್ತದೆ. ಹೊಸ ವರ್ಷ ಶುರುವಾಗಿ ಕೆಲವೇ ದಿನಗಳಲ್ಲಿ ಆಟಗಾರ ಇನ್ನೂ ತಂಡದಲ್ಲಿದ್ದರೆ ಇಷ್ಟು ದುಡ್ಡು ಕೊಡಲೇಬೇಕು ಅಂತ. ಏಜೆಂಟರು ಇದನ್ನು ಹಟ ಹಿಡಿದು ಬರೆಸುತ್ತಾರೆ. ‘ಬಿಡುವುದಾದರೆ ಬೇಗ ಬಿಡಿ, ಬೇರೆ ತಂಡಗಳ ಹತ್ತಿರ ದುಡ್ಡಿರುವಾಗಲೇ ಬಿಡಿ’ ಅನ್ನುವುದು ಅದರ ಒಳ ಅರ್ಥ. ಜೂನ್‌ವರೆಗೆ ಕೂರಿಸಿಕೊಂಡು ಆಮೇಲೆ ಕೈಬಿಟ್ಟರೆ ಆಟಗಾರನಿಗೆ ಖಾಲಿ ಅಂಗಡಿ ಮಾತ್ರ ಉಳಿಯುತ್ತದೆ. ಕೂಪರ್ ಒಪ್ಪಂದದಲ್ಲಿ ಅಂಥ 75 ಲಕ್ಷ ಡಾಲರ್ ಬೋನಸ್ ಮಾರ್ಚ್ ಮಧ್ಯಕ್ಕೆ ಇತ್ತು. ಮಾರ್ಚ್ 12ರ ಬಿಡುಗಡೆ ಆಕಸ್ಮಿಕ ಅಲ್ಲ.

ಬೇರೆ ತಂಡಗಳು ಅವರನ್ನು ಯಾಕೆ ಕೊಳ್ಳಲಿಲ್ಲ? ಟ್ರೇಡ್ ಆದರೆ ಹಳೆಯ ಒಪ್ಪಂದವೂ ಜೊತೆಗೆ ಬರುತ್ತದೆ. ಇನ್ನು ಕೆಲವು ವಾರ ಕಾದರೆ ರ‍್ಯಾಮ್ಸ್ ಬಿಡಲೇಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಕಾದರು. ಇನ್ನೊಂದು ಲಾಭವೂ ಇತ್ತು. ಒಪ್ಪಂದ ಮುಗಿದು ಹೊರಬಂದ ಆಟಗಾರನನ್ನು ಸೇರಿಸಿಕೊಂಡರೆ, ಮುಂದಿನ ಡ್ರಾಫ್ಟ್‌ನಲ್ಲಿ ಪರಿಹಾರವಾಗಿ ಸಿಗುವ ಹೆಚ್ಚುವರಿ ಆಯ್ಕೆಗಳು ಕೈತಪ್ಪಬಹುದು. ತಂಡವೇ ಬಿಡುಗಡೆ ಮಾಡಿದ ಆಟಗಾರನಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಹಾಗಾಗಿ ಸಿಯಾಟಲ್‌ಗೆ ಬರೀ ಸಂಬಳದ ಖರ್ಚಿನಲ್ಲಿ ಕೂಪರ್ ಸಿಕ್ಕರು.

ಈಗ ಆಟದ ಕಡೆಗೆ ಬರೋಣ. ರ‍್ಯಾಮ್ಸ್‌ಗೂ ಅವರದೇ ಕಾರಣಗಳಿದ್ದವು, ಅವನ್ನು ತಳ್ಳಿಹಾಕುವಂತಿಲ್ಲ. 2022ರಲ್ಲಿ ಕೂಪರ್ ಆಡಿದ್ದು 9 ಪಂದ್ಯ. 2023ರಲ್ಲಿ 12, 2024ರಲ್ಲಿ 12. ಮೂರು ಸೀಸನ್‌ನ 51 ಪಂದ್ಯಗಳಲ್ಲಿ 18 ತಪ್ಪಿದವು. ಕಣಕಾಲು, ತೊಡೆಯ ಹಿಂಭಾಗದ ಸ್ನಾಯು, ಮತ್ತೆ ಕಣಕಾಲು. 2024ರಲ್ಲಿ 67 ಕ್ಯಾಚ್, 710 ಯಾರ್ಡ್. 3 ಕೋಟಿಗೆ ಅದು ಕಡಿಮೆಯೇ.

ಅಷ್ಟರಲ್ಲಿ ಪೂಕಾ ನಕುವಾ ಬಂದಿದ್ದರು. 2023ರ ಡ್ರಾಫ್ಟ್‌ನ ಐದನೇ ಸುತ್ತಿನ, 177ನೇ ಆಯ್ಕೆ. ನಾಲ್ಕು ವರ್ಷಕ್ಕೆ ಒಟ್ಟು 40 ಲಕ್ಷ ಡಾಲರ್ ಆಸುಪಾಸಿನ ಒಪ್ಪಂದ. ಆ ಸೀಸನ್ ಶುರುವಾದಾಗ ಕೂಪರ್ ಗಾಯಗೊಂಡು ಹೊರಗಿದ್ದರು. ಆ ಖಾಲಿ ಜಾಗದಲ್ಲಿ ನಕುವಾ 105 ಕ್ಯಾಚ್, 1,486 ಯಾರ್ಡ್ ಗಳಿಸಿ ಹೊಸಬರ ದಾಖಲೆಗಳನ್ನು ಮುರಿದರು. ವರ್ಷಕ್ಕೆ 10 ಲಕ್ಷ ಡಾಲರ್‌ಗೆ ಸಿಗುವ ಇಂಥ ಹುಡುಗ ಮನೆಯಲ್ಲೇ ಇರುವಾಗ ಲೆಕ್ಕ ನೋಡುವವರ ಕಣ್ಣು ಎಲ್ಲಿಗೆ ಹೋಗುತ್ತದೆ ಹೇಳಿ?

ರಿಸೀವರ್‌ಗಳಿಗೆ ಇದು ಬೇರೆ ಜಾಗದ ಆಟಗಾರರಿಗಿಂತ ಜಾಸ್ತಿ ಕಾಡುತ್ತದೆ. ಕಾಲೇಜು ಫುಟ್‌ಬಾಲ್‌ನಲ್ಲಿ ಈಗ ಪಾಸ್ ಆಟವೇ ಪ್ರಧಾನ. ಪ್ರತಿ ಏಪ್ರಿಲ್‌ನಲ್ಲಿ ತಯಾರಾದ ರಿಸೀವರ್‌ಗಳು ದಂಡಿಯಾಗಿ ಬರುತ್ತಾರೆ. ಮೇಲ್ತುದಿಯಲ್ಲಿ ಮಾತ್ರ ಸಂಬಳ ಆಕಾಶಕ್ಕೆ ಏರಿದೆ. 2025ರ ಮಾರ್ಚ್‌ನಲ್ಲೇ ಸಿನ್ಸಿನಾಟಿ ತಂಡ ಜಮಾರ್ ಚೇಸ್‌ಗೆ ನಾಲ್ಕು ವರ್ಷಕ್ಕೆ 16.1 ಕೋಟಿ ಡಾಲರ್ ಕೊಟ್ಟಿತು. ವರ್ಷಕ್ಕೆ 4 ಕೋಟಿಗೂ ಮೇಲೆ. ಮೇಲೆ ಚೇಸ್ ಥರದವರು, ಕೆಳಗೆ ನಕುವಾ ಥರದವರು. ನಡುವೆ ಸಿಕ್ಕಿಕೊಂಡವರು 30 ದಾಟಿದ, ಒಳ್ಳೆಯ ಸಂಬಳದ, ಅಲ್ಲಲ್ಲಿ ಗಾಯಗೊಂಡ ಹಿರಿಯರು.

ಹಾಗಾದರೆ ಅವರಿಗಿಂತ ದೊಡ್ಡವರಾದ ಆ್ಯಡಮ್ಸ್ ಯಾಕೆ? ಇದಕ್ಕೆ ಆಟದ ಒಳಗೇ ಉತ್ತರ ಇದೆ. ಕೂಪರ್ ಮತ್ತು ನಕುವಾ ಇಬ್ಬರೂ ಹೆಚ್ಚಾಗಿ ಮೈದಾನದ ನಡುಭಾಗದಲ್ಲಿ, ಚಿಕ್ಕ ಮತ್ತು ಮಧ್ಯಮ ದೂರದಲ್ಲಿ ಕೆಲಸ ಮಾಡುವವರು. ಇಬ್ಬರಿಗೂ ಬೇಕಾಗಿದ್ದು ಒಂದೇ ಜಾಗ. ಆ್ಯಡಮ್ಸ್ ಅಂಚಿನಲ್ಲಿ ನಿಂತು ಒಬ್ಬ ಡಿಫೆಂಡರ್‌ನನ್ನು ಒಂಟಿಯಾಗಿ ಸೋಲಿಸುವವರು. ಗೋಲ್ ಗೆರೆ ಹತ್ತಿರ ಅವರ ಮೊದಲ ಎರಡು ಹೆಜ್ಜೆ ಇವತ್ತಿಗೂ ಹರಿತ. 2025ರ ಸೀಸನ್‌ನಲ್ಲಿ ಅವರು 14 ಟಚ್‌ಡೌನ್ ಹಿಡಿದು ರಿಸೀವರ್‌ಗಳಲ್ಲಿ ಲೀಗಿಗೇ ಮೊದಲಿಗರಾದರು. ರ‍್ಯಾಮ್ಸ್‌ನ ಅಂದಾಜು ಸರಿಯಾಗಿಯೇ ಇತ್ತು ಅಂತ ಒಪ್ಪಲೇಬೇಕು.

ಆದರೂ ರಿಸೀವರ್ ಒಬ್ಬ ತಂಡ ಬಿಟ್ಟಾಗ ಕಳೆದುಹೋಗುವ ಒಂದು ಸಂಗತಿ ಇದೆ. ಅದಕ್ಕೆ ಈ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಕೂಪರ್ ಮತ್ತು ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್ 2021ರಲ್ಲಿ ಬೆಳಗಿನ ತಿಂಡಿಗೆ ಒಟ್ಟಿಗೆ ಕೂತು ಎದುರಾಳಿಗಳ ವಿಡಿಯೊ ನೋಡುತ್ತಿದ್ದರು ಅನ್ನುವುದು ಆ ಸೀಸನ್‌ನಲ್ಲಿ ತುಂಬಾ ಓಡಾಡಿದ ಸುದ್ದಿ. ಅದರಿಂದ ಆಗುವುದೇನು? ಒಂದು ಆಟವನ್ನೇ ತೆಗೆದುಕೊಳ್ಳಿ. ರಿಸೀವರ್ ನೇರ ಐದಾರು ಯಾರ್ಡ್ ಓಡುತ್ತಾನೆ. ಅಲ್ಲಿಂದ ಒಳಗೆ ತಿರುಗಬೇಕೋ, ಹೊರಗೆ ತಿರುಗಬೇಕೋ, ನಿಂತುಬಿಡಬೇಕೋ ಅಂತ ಮೊದಲೇ ಬರೆದಿರುವುದಿಲ್ಲ. ಎದುರಿನ ಡಿಫೆಂಡರ್ ಯಾವ ಕಡೆ ಭುಜ ಒಡ್ಡಿ ನಿಂತಿದ್ದಾನೆ ಅಂತ ನೋಡಿ ಓಡುತ್ತಲೇ ತೀರ್ಮಾನಿಸಬೇಕು. ಒಳಗೆ ನಿಂತಿದ್ದರೆ ಹೊರಗೆ, ಹೊರಗೆ ನಿಂತಿದ್ದರೆ ಒಳಗೆ. ಇಬ್ಬರು ಡಿಫೆಂಡರ್‌ಗಳ ನಡುವೆ ಖಾಲಿ ಜಾಗ ಸಿಕ್ಕರೆ ಅಲ್ಲೇ ನಿಲ್ಲಬೇಕು. ಅತ್ತ ಕ್ವಾರ್ಟರ್‌ಬ್ಯಾಕ್ ಅದೇ ಡಿಫೆಂಡರ್‌ನನ್ನು ನೋಡಿ ಅದೇ ತೀರ್ಮಾನಕ್ಕೆ ಬರಬೇಕು. ಅದೂ ರಿಸೀವರ್ ತಿರುಗುವ ಮೊದಲೇ ಚೆಂಡು ಕೈ ಬಿಡಬೇಕು. ತಿರುಗಿದ ಮೇಲೆ ಎಸೆದರೆ ತಡವಾಯಿತು. ಒಬ್ಬ ಹೊರಗೆ ಅಂದುಕೊಂಡು ಇನ್ನೊಬ್ಬ ಒಳಗೆ ಅಂದುಕೊಂಡರೆ ಚೆಂಡು ಎದುರಾಳಿ ಕೈಗೆ ಹೋಗುತ್ತದೆ.

ಈ ಹೊಂದಾಣಿಕೆ ದುಡ್ಡು ಕೊಟ್ಟರೆ ಸಿಗುವಂಥದ್ದಲ್ಲ. ಇಬ್ಬರೂ ವರ್ಷಗಟ್ಟಲೆ ಸೇರಿ ಕಟ್ಟಿದ್ದು ಅದು. ಒಬ್ಬರು ಹೋದರೆ ಅದು ಇಬ್ಬರ ಕೈಯಲ್ಲೂ ಉಳಿಯುವುದಿಲ್ಲ. ಫ್ರೀ ಏಜೆನ್ಸಿಗೆ ಹೋಗುವ ರಿಸೀವರ್ ತನ್ನ ಕಾಲು, ಕೈ, ಕಣ್ಣು ತೆಗೆದುಕೊಂಡು ಹೋಗಬಹುದು. ಇದನ್ನು ಮಾತ್ರ ಬಿಟ್ಟು ಹೋಗಬೇಕು. ಹೊಸ ಊರಿನಲ್ಲಿ ಎಷ್ಟೋ ಹಿರಿಯ ರಿಸೀವರ್‌ಗಳ ಅಂಕಿಅಂಶ ಇಳಿಯುವುದಕ್ಕೆ ಅರ್ಧ ಕಾರಣ ಇದೇ ಅಂತ ನನ್ನ ನಂಬಿಕೆ. ಜನ ಪೂರ್ತಿ ವಯಸ್ಸಿನ ಮೇಲೆ ಹಾಕುತ್ತಾರೆ.

ಇನ್ನು ಸಿಯಾಟಲ್ ಕಡೆ ನೋಡಿದರೆ ಅಲ್ಲೂ ಇದೇ ಕಥೆ ನಡೆದಿತ್ತು. ಕೂಪರ್ ಬರುವ ಒಂದು ವಾರದ ಹಿಂದಷ್ಟೇ ಸೀಹಾಕ್ಸ್ ತಂಡ ಟೈಲರ್ ಲಾಕೆಟ್ ಅವರನ್ನು ಬಿಡುಗಡೆ ಮಾಡಿತ್ತು. ಹತ್ತು ಸೀಸನ್ ಒಂದೇ ತಂಡ. 661 ಕ್ಯಾಚ್, 8,594 ಯಾರ್ಡ್. ತಂಡದ ಇತಿಹಾಸದಲ್ಲಿ ಸ್ಟೀವ್ ಲಾರ್ಜೆಂಟ್ ಬಿಟ್ಟರೆ ಇವರೇ. ಇವರೂ 2015ರಲ್ಲಿ ಮೂರನೇ ಸುತ್ತಿನ 69ನೇ ಆಯ್ಕೆಯಾಗಿಯೇ ಬಂದವರು. ಡಿಕೆ ಮೆಟ್‌ಕಾಫ್ ಅವರನ್ನು ಪಿಟ್ಸ್‌ಬರ್ಗ್‌ಗೆ ಟ್ರೇಡ್ ಮಾಡಿದರು. ಕಾರಣ ಅಲ್ಲೂ ಒಬ್ಬ ಹುಡುಗ. 2023ರ ಮೊದಲ ಸುತ್ತಿನಲ್ಲಿ ಬಂದ ಜಾಕ್ಸನ್ ಸ್ಮಿತ್-ಎಂಜಿಗ್ಬಾ. ಅಂದರೆ ಕೂಪರ್‌ಗೆ ಜಾಗ ಸಿಕ್ಕಿದ್ದು ತಮ್ಮಂಥವರೇ ಇನ್ನೊಬ್ಬರು ಹೋಗಿದ್ದರಿಂದ. ಯಾಕಿಮಾದ ಹುಡುಗ ತವರು ರಾಜ್ಯಕ್ಕೆ ಬಂದರು ಅಂತ ಅಲ್ಲಿನವರು ಖುಷಿಪಟ್ಟರು, ಅದು ನಿಜವೇ. ಲಾಕೆಟ್ ಅವರನ್ನು ಹತ್ತು ವರ್ಷ ನೋಡಿ ಬೆಳೆದ ಮಕ್ಕಳಿಗೆ ಅದೇ ವಾರ ಬೇಸರದ ವಾರವೂ ಆಗಿತ್ತು.

ಸಿಯಾಟಲ್‌ನಲ್ಲಿ ಕೂಪರ್ 2025ರ ಸೀಸನ್‌ನಲ್ಲಿ ಹಿಡಿದಿದ್ದು 47 ಕ್ಯಾಚ್, 593 ಯಾರ್ಡ್. ಹಳೆಯ ಕೂಪರ್ ಅಲ್ಲ. ರನ್ ಆಟದಲ್ಲಿ ಡಿಫೆಂಡರ್‌ಗಳನ್ನು ತಡೆಯುವುದು, ಸ್ಮಿತ್-ಎಂಜಿಗ್ಬಾಗೆ ಜಾಗ ಮಾಡಿಕೊಡುವುದು, ಮೂರನೇ ಡೌನ್‌ನಲ್ಲಿ ಬೇಕಾದಷ್ಟು ದೂರದಲ್ಲಿ ಸಿಗುವುದು, ಇವು ಅವರ ಕೆಲಸವಾದವು. 2026ರ ಜನವರಿ 25ರಂದು ಕಾನ್ಫರೆನ್ಸ್ ಫೈನಲ್. ಎದುರಿಗೆ ಅದೇ ರ‍್ಯಾಮ್ಸ್. ಸಿಯಾಟಲ್ 31-27ರಿಂದ ಗೆದ್ದಿತು. ಕೂಪರ್ ಒಂದು ಟಚ್‌ಡೌನ್ ಹಿಡಿದರು. ಗಡಿಯಾರ ಕರಗಿಸಬೇಕಿದ್ದ ಕೊನೆಯ ಡ್ರೈವ್‌ನಲ್ಲಿ ಒಂದು ಮುಖ್ಯ ಮೂರನೇ ಡೌನ್ ಕ್ಯಾಚ್ ಕೂಡ ಅವರದೇ. ಎರಡು ವಾರದ ನಂತರ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು 29-13ರಿಂದ ಸೋಲಿಸಿ ಸಿಯಾಟಲ್ ಸೂಪರ್ ಬೌಲ್ ಗೆದ್ದಿತು.

ಇದನ್ನು ಸೇಡು ತೀರಿಸಿಕೊಂಡ ಕಥೆಯಾಗಿ ಹೇಳುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ರ‍್ಯಾಮ್ಸ್‌ಗೆ ಬೇಕಾಗಿದ್ದು ಟಚ್‌ಡೌನ್, ಅದು ಆ್ಯಡಮ್ಸ್‌ರಿಂದ ಸಿಕ್ಕಿತು. ಸಿಯಾಟಲ್‌ಗೆ ಬೇಕಾಗಿದ್ದು ಅಂಕಿಅಂಶದಲ್ಲಿ ಕಾಣದ ಕೆಲಸ, ಅದು ಕೂಪರ್‌ರಿಂದ ಸಿಕ್ಕಿತು. ಇಬ್ಬರು ಹಿರಿಯರಲ್ಲೂ ಆಟ ಇನ್ನೂ ಉಳಿದಿತ್ತು ಅನ್ನುವುದು ಇದರಲ್ಲಿ ನನಗೆ ಕಾಣುವ ಮುಖ್ಯ ಮಾತು.

ಹಿಂದೆಯೂ ಹೀಗೇ ಆಗಿದೆ. ಎಲ್ಲರಿಗಿಂತ ದೊಡ್ಡ ರಿಸೀವರ್ ಅನಿಸಿಕೊಂಡ ಜೆರ್ರಿ ರೈಸ್ ಅವರನ್ನೇ ಸ್ಯಾನ್ ಫ್ರಾನ್ಸಿಸ್ಕೊ 16 ಸೀಸನ್ ಆದಮೇಲೆ 2001ರಲ್ಲಿ ಬಿಟ್ಟಿತು. ಪಕ್ಕದ ಓಕ್ಲೆಂಡ್‌ಗೆ ಹೋಗಿ, 40ನೇ ವಯಸ್ಸಿನಲ್ಲಿ 1,211 ಯಾರ್ಡ್ ಗಳಿಸಿ ಸೂಪರ್ ಬೌಲ್ ಆಡಿದರು. ಕ್ಯಾರೊಲಿನಾ 2014ರಲ್ಲಿ ಬಿಟ್ಟ ಸ್ಟೀವ್ ಸ್ಮಿತ್, ಅದೇ ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರ್ ಪರವಾಗಿ ಹಳೆಯ ತಂಡದ ಮೇಲೆ 139 ಯಾರ್ಡ್, ಎರಡು ಟಚ್‌ಡೌನ್ ಗಳಿಸಿದರು. ವೆಸ್ ವೆಲ್ಕರ್ ಆರು ಸೀಸನ್‌ನಲ್ಲಿ 672 ಕ್ಯಾಚ್ ಹಿಡಿದು 2013ರಲ್ಲಿ ನ್ಯೂ ಇಂಗ್ಲೆಂಡ್ ಬಿಟ್ಟು, ಎರಡು ವರ್ಷಕ್ಕೆ 1.2 ಕೋಟಿ ಡಾಲರ್‌ಗೆ ಡೆನ್ವರ್‌ಗೆ ಹೋದರು.

ಕೀನನ್ ಆಲನ್ ಅವರದ್ದು ನನಗೆ ಎಲ್ಲಕ್ಕಿಂತ ಬೇಸರ ತರಿಸಿದ್ದು. 2023ರಲ್ಲಿ 108 ಕ್ಯಾಚ್, ಅವರ ವೃತ್ತಿಜೀವನದಲ್ಲೇ ಅತಿ ಹೆಚ್ಚು. 11 ಸೀಸನ್ ಆಡಿದ ಚಾರ್ಜರ್ಸ್ ತಂಡ ಸಂಬಳ ಇಳಿಸಿಕೊಳ್ಳಿ ಅಂತ ಕೇಳಿತು. ಅವರು ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಶಿಕಾಗೊಗೆ ಕಳಿಸಿಬಿಟ್ಟರು. ಮರುವರ್ಷ ಆಗಸ್ಟ್‌ನಲ್ಲಿ ಅವರು ವಾಪಸು ಅದೇ ಚಾರ್ಜರ್ಸ್‌ಗೆ ಬಂದರು. ಒಂದು ವರ್ಷದ ಒಪ್ಪಂದಕ್ಕೆ, ಹಿಂದಿಗಿಂತ ತುಂಬಾ ಕಡಿಮೆ ದುಡ್ಡಿಗೆ. ಬೇಡ ಅಂದ ಸಂಬಳ ಕಡಿತ ಒಂದು ಸುತ್ತು ಹಾಕಿಕೊಂಡು ಅವರ ಕೈಗೇ ಬಂತು.

ಒಂದೇ ತಂಡದಲ್ಲಿ ಕೊನೆವರೆಗೂ ಉಳಿದವರಿಲ್ಲವೇ? ಇದ್ದಾರೆ. ಲ್ಯಾರಿ ಫಿಟ್ಜ್‌ಜೆರಾಲ್ಡ್ 17 ಸೀಸನ್ ಅರಿಜೋನಾದಲ್ಲೇ ಆಡಿದರು. ಅವರ ಕ್ಯಾಪ್ ಸಂಖ್ಯೆ ಉಬ್ಬಿ ಇದೇ ಪ್ರಶ್ನೆ ಎದುರಾದಾಗ, 2015ರಲ್ಲಿ ಹಳೆಯ ಒಪ್ಪಂದ ಬದಲಿಸಿ ಎರಡು ವರ್ಷಕ್ಕೆ 2.2 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಅದು ಪೂರ್ತಿ ಗ್ಯಾರಂಟಿ. ಉಳಿಯುವುದಕ್ಕೂ ಒಂದು ಬೆಲೆ ಇದೆ. ಅಲ್ಲಿ ತಂಡವೂ ಅರ್ಧ ಕೊಟ್ಟಿತು ಅನ್ನುವುದೇ ಸಮಾಧಾನ.

ಈಗ ನನ್ನ ತಕರಾರಿಗೆ ಬರುತ್ತೇನೆ. ಆಟಗಾರರಿಗೆ ತಂಡ ಬಿಟ್ಟು ಹೋಗುವ ಹಕ್ಕೇ ಸುಲಭಕ್ಕೆ ಸಿಕ್ಕಿದ್ದಲ್ಲ. 1992ರಲ್ಲಿ ಫ್ರೀಮನ್ ಮೆಕ್‌ನೀಲ್ ಮತ್ತಿತರ ಆಟಗಾರರು ಕೋರ್ಟ್‌ನಲ್ಲಿ ಗೆದ್ದರು. ರೆಗ್ಗಿ ವೈಟ್ ಹೆಸರಿನ ಮೊಕದ್ದಮೆಯ ರಾಜಿಯಿಂದ 1993ರಲ್ಲಿ ಇವತ್ತಿನ ಫ್ರೀ ಏಜೆನ್ಸಿ ಬಂತು. ನಾಲ್ಕು ಸೀಸನ್ ಆಡಿ ಒಪ್ಪಂದ ಮುಗಿದವನು ಎಲ್ಲಿಗೆ ಬೇಕಾದರೂ ಹೋಗಬಹುದು. ಅದಕ್ಕೆ ಮಾಲೀಕರು ಪಡೆದ ಪ್ರತಿಫಲವೇ ಸ್ಯಾಲರಿ ಕ್ಯಾಪ್. ಆದರೆ ಒಪ್ಪಂದ ಮುಗಿಯುವ ಮೊದಲು ಆಟಗಾರ ಹೋಗುವಂತಿಲ್ಲ. ತಂಡ ಮಾತ್ರ ಯಾವ ಮಾರ್ಚ್‌ನಲ್ಲಾದರೂ ಕೈಬಿಡಬಹುದು. 2021ರ ನಂತರ ಕೂಪರ್‌ಗೆ ಇನ್ನೂ ಜಾಸ್ತಿ ಬೇಕು ಅನಿಸಿದ್ದರೂ ತಂಡ ಒಪ್ಪದೆ ಅವರು ಕದಲುವಂತಿರಲಿಲ್ಲ. 2024ರ ನಂತರ ತಂಡಕ್ಕೆ ಸಾಕು ಅನಿಸಿತು, ಮುಗಿಯಿತು. ಇನ್ನೂ ಎರಡು ವರ್ಷ ಹಾಳೆಯ ಮೇಲೆ ಬಾಕಿ ಇದ್ದವು.

ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಹಿ ಹಾಕಿದ ದುಡ್ಡು ಬಹುತೇಕ ಪೂರ್ತಿ ಸಿಗುತ್ತದೆ. ದೇಹ ಎಲ್ಲಕ್ಕಿಂತ ಬೇಗ ಸವೆಯುವ ಫುಟ್‌ಬಾಲ್‌ನಲ್ಲಿ ಮಾತ್ರ ಸಿಗುವುದಿಲ್ಲ. ಇದು ಬದಲಾಗಬಹುದಿತ್ತು. 2018ರಲ್ಲಿ ಮಿನ್ನೆಸೋಟ ತಂಡ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್‌ಗೆ ಮೂರು ವರ್ಷಕ್ಕೆ 8.4 ಕೋಟಿ ಡಾಲರ್ ಪೂರ್ತಿ ಗ್ಯಾರಂಟಿ ಕೊಟ್ಟಿತು. 2022ರ ಮಾರ್ಚ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡ ಡೆಶಾನ್ ವಾಟ್ಸನ್‌ಗೆ ಐದು ವರ್ಷಕ್ಕೆ 23 ಕೋಟಿ ಡಾಲರ್ ಪೂರ್ತಿ ಗ್ಯಾರಂಟಿ ಕೊಟ್ಟಿತು. ಅದೇ ತಿಂಗಳ ಮಾಲೀಕರ ಸಭೆಯಲ್ಲಿ ಗ್ಯಾರಂಟಿ ಕಡಿಮೆ ಮಾಡಿ ಅಂತ ಲೀಗಿನ ಆಡಳಿತವೇ ತಂಡಗಳಿಗೆ ಉತ್ತೇಜನ ಕೊಟ್ಟಿತ್ತು ಅಂತ 2025ರ ಜನವರಿಯಲ್ಲಿ ಮಧ್ಯಸ್ಥಗಾರರೊಬ್ಬರು ತೀರ್ಪಿನಲ್ಲಿ ಬರೆದರು. ತಂಡಗಳು ನಿಜವಾಗಿ ಕೂಡಿ ಹಾಗೆ ಮಾಡಿದವು ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತಲೂ ಅದೇ ತೀರ್ಪು ಹೇಳಿತು. ಇಂಥ ತೀರ್ಪು ಅದೇ ಜೂನ್‌ವರೆಗೆ ಹೊರಗೇ ಬರಲಿಲ್ಲ. ಆಟಗಾರರಿಗೂ ಕಾಣದಂತೆ ಅದನ್ನು ಮುಚ್ಚಿಟ್ಟಿದ್ದು ನನಗೆ ದೊಡ್ಡ ಅನ್ಯಾಯ ಅನಿಸುತ್ತದೆ. ಕೂಪರ್, ಲಾಕೆಟ್ ಇಬ್ಬರೂ ಬಿಡುಗಡೆಯಾದ ಮಾರ್ಚ್‌ನಲ್ಲಿ ಆ ಕಾಗದ ಎಲ್ಲೋ ಒಂದು ಕಪಾಟಿನಲ್ಲಿತ್ತು.

ಗ್ಯಾರಂಟಿ ಜಾಸ್ತಿಯಾದರೆ ಒಟ್ಟು ದುಡ್ಡು ಜಾಸ್ತಿಯಾಗುವುದಿಲ್ಲ, ಅದು ನಿಜ. ಲೀಗಿನ ಆದಾಯದಲ್ಲಿ ಆಟಗಾರರ ಪಾಲು 48 ಶೇಕಡಾ ಆಸುಪಾಸಿನಲ್ಲಿ ನಿಗದಿಯಾಗಿದೆ. ಒಬ್ಬ ಹಿರಿಯನಿಗೆ ಉಳಿಸಿದ್ದು ಇನ್ನೊಬ್ಬನ ಕೈ ತಪ್ಪುತ್ತದೆ. ಐದು ವರ್ಷದ ಒಪ್ಪಂದಗಳು ಮೂರಕ್ಕೆ ಇಳಿಯುತ್ತವೆ. ಇಳಿಯಲಿ. ಮೂರು ವರ್ಷ ಅಂದರೆ ಮೂರು ವರ್ಷ ಅನ್ನುವ ಕಾಗದ, ಐದು ಅಂತ ಬರೆದು ಮೂರಕ್ಕೆ ಮುಗಿಸುವ ಕಾಗದಕ್ಕಿಂತ ಮೇಲು. ಮಕ್ಕಳ ಶಾಲೆ, ಮನೆ, ಚಿಕಿತ್ಸೆ ಎಲ್ಲವನ್ನೂ ಅದರ ಮೇಲೆ ಕಟ್ಟಿಕೊಳ್ಳುವವರಿಗೆ ಅಷ್ಟಾದರೂ ಗೊತ್ತಿರಬೇಕು.

ಈ ಮಾತುಕತೆಗೆ ಮುಂದಿನ ದೊಡ್ಡ ಅವಕಾಶ ಈಗಿನ ಕಾರ್ಮಿಕ ಒಪ್ಪಂದ ಮುಗಿದಾಗ. 2020ರಲ್ಲಿ ಆದ ಆ ಒಪ್ಪಂದ 2030ರ ಸೀಸನ್‌ವರೆಗೆ ಇದೆ. ಅದರಲ್ಲೂ ಒಂದು ಹಳೆಯ ಸಾಲು ಉಳಿದುಕೊಂಡಿದೆ. ಮುಂದಿನ ವರ್ಷಗಳ ಗ್ಯಾರಂಟಿ ದುಡ್ಡನ್ನು ತಂಡ ಮೊದಲೇ ಬೇರೆ ಖಾತೆಯಲ್ಲಿ ತೆಗೆದಿಡಬೇಕು ಅನ್ನುವ ನಿಯಮ. ಮಾಲೀಕರು ಸಂಬಳ ಕೊಡದೆ ಕೈಎತ್ತಬಹುದು ಅನ್ನುವ ಭಯ ಇದ್ದ ಕಾಲದ ನಿಯಮ ಅದು. ಇವತ್ತು ಆ ಭಯಕ್ಕೆ ಕಾರಣವಿಲ್ಲ. ಗ್ಯಾರಂಟಿ ಕೊಡಲು ಕಷ್ಟ ಅನ್ನುವುದಕ್ಕೆ ನೆಪವಾಗಿ ಮಾತ್ರ ಅದು ಬಳಕೆಯಾಗುತ್ತಿದೆ. ಆಟಗಾರರ ಸಂಘ ಮೊದಲು ತೆಗೆಸಬೇಕಾದ ಸಾಲು ಇದು. ಪೂಕಾ ನಕುವಾ ಹುಟ್ಟಿದ್ದು 2001ರ ಮೇ ತಿಂಗಳಲ್ಲಿ. ಆ ಒಪ್ಪಂದ ಮುಗಿಯುವ ವರ್ಷವೇ ಅವರಿಗೆ 30 ತುಂಬುತ್ತದೆ.